ಬಕೆಟ್ಟಿಗೆ ಸುರಿದ ಪೇಲ್ ಏಲ್

"ಈ ಮಾಂಸಕ್ಕೆ ಕಿತ್ತಳೆ ಸಿಪ್ಪೆ ವಾಸನೆ ಎಲ್ಲಿಂದ ಬಂತು?"

ಕಬಾಬು ಸುಡುವ ಖುರ್ಷೀದ್ ಕೇಳಿದ್ದು ಯಾರನ್ನೂ ಅಲ್ಲ. ಬಿಯರ್ ತಯಾರಿಸಿ ಅಲ್ಲೇ ಮಾರುವ ಇಂದಿರಾನಗರದ ಆ ಪಬ್ಬಿನ ಹಿತ್ತಲಲ್ಲಿ ಕೆಂಡದ ಒಲೆ, ಸಲಾಕೆಗಳು, ಮಸಾಲೆಯಲ್ಲಿ ನೆನೆದ ಕುರಿಮಾಂಸದ ಬಕೆಟ್ಟು ಬಿಟ್ಟರೆ ಯಾರೂ ಇರಲಿಲ್ಲ. ರಂಜಾನ್ ತಿಂಗಳು. ಉಪವಾಸವಿದ್ದವನ ನಾಲಿಗೆಗೆ ರಜೆ, ಮೂಗಿಗೆ ದುಪ್ಪಟ್ಟು ಕೆಲಸ. ಬಗ್ಗಿ ಮತ್ತೆ ಮೂಸಿದ. ಕಿತ್ತಳೆ, ಹಸಿ ಹುಲ್ಲು, ಅದರಡಿ ಬೇವಿನಂಥ ಕಹಿ. ಒಳಗಿನ ಬಿಯರ್ ಹಂಡೆಗಳಿಂದ ದಿನವೂ ತೇಲಿಬರುವ ಅದೇ ವಾಸನೆ.

"ಭೀಮು!"

ಅವನ ಸಹಾಯಕ, ಕಲಬುರಗಿ ಕಡೆಯ ಭೀಮು, ಹೆಚ್ಚುತ್ತಿದ್ದ ಈರುಳ್ಳಿ ಬಿಟ್ಟು ಒಳಗಿನಿಂದ ಓಡಿಬಂದ. ಈ ತಿಂಗಳು ಖುರ್ಷೀದನ ಪರವಾಗಿ ರುಚಿ ನೋಡುವವನು ಅವನೇ.

"ಇದಕ್ಕೇನು ಸುರಿದೆ?"

"ನಾ ಅಲ್ರೀ ಭಾಯಿ, ಮೇಡಂ. ಒಂದು ಜಗ್ ಪೇಲ್ ಏಲ್ ಬಿಯರ್. ನಿನ್ನೀನೂ ಹಾಕಿದ್ರಲ್ಲ."

"ನಿನ್ನೆ? ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನೀವು ಉಪ್ಪು ನೋಡಂದ್ರಿ. ಉಪ್ಪು ಬರೋಬ್ಬರಿ ಇತ್ತು."

ನಿನ್ನೆ ಖುರ್ಷೀದ್ ಬರುವಷ್ಟರಲ್ಲಿ ಸಲಾಕೆಗಳು ಕೆಂಡವೇರಿದ್ದವು. ಹೊಗೆಯಲ್ಲಿ ಮೂಗು ಸೋತಿತ್ತು. ಎಂದಿನಂತೆ ಆರು ಕಬಾಬು ಕಟ್ಟಿಕೊಂಡು ಶಿವಾಜಿನಗರದ ಮನೆಗೆ ಒಯ್ದಿದ್ದ. ಉಪವಾಸ ಮುರಿದ ಖರ್ಜೂರದ ಬೆನ್ನಿಗೇ ಅಮ್ಮ ಇಮಾಮ್ ಬೀ ಬಾಯಿಗಿಟ್ಟದ್ದು ಅದನ್ನೇ. 'ಇವತ್ತು ಎಷ್ಟು ಮೆತ್ತಗಿದೆ ಬೇಟಾ' ಎಂದಿದ್ದಳು. ಎಪ್ಪತ್ತು ವರ್ಷ ಕುರಾನಿನ ಮಾತನ್ನು ರಾಗವಾಗಿ ಹೊತ್ತ ಬಾಯಿ ಅದು.

ಗದ್ದಲ ಕೇಳಿ ಪಬ್ಬಿನ ಒಡತಿ ಜಯಮಾಲಾ ಹೊರಬಂದಳು.

"ಮೊದಲನೇ ದಿನ ನೀವೇ ಹೇಳಿದ್ರಿ ಮೇಡಂ," ಖುರ್ಷೀದ್ ಬಕೆಟ್ಟಿನತ್ತ ಬೆರಳು ತೋರಿಸಿದ. "ಖಾರದ ಕಬಾಬಿಗೆ ಈ ಏಲ್ ಸರಿಜೋಡಿ, ಅದಕ್ಕೆ ಹಾಕೋ ಹಾಪ್ಸ್ ಹೂವಿನ ಕಹಿ ನಾಲಿಗೆ ಮೇಲಿನ ಕೊಬ್ಬು ತೊಳೆಯುತ್ತೆ ಅಂತ. ನಾನೇನಂದೆ? ಜೋಡಿ ಗಿರಾಕಿ ಮೇಜಿನ ಮೇಲಿರ್ಲಿ, ನನ್ನ ಬಕೆಟ್ಟಿಗೆ ಬರಬಾರ್ದು ಅಂದೆ. ಹೂಂ ಅಂದ್ರಿ!"

"ಪಪ್ಪಾಯಿ ಹಾಕಿದ್ದಕ್ಕಿಂತ ಮಾಂಸ ಮೆತ್ತಗಾಗತ್ತೆ ರೀ. ಬೆಂದ್ಮೇಲೆ ಅದರಲ್ಲಿ ಮದ್ಯ ಎಲ್ಲುಳಿಯತ್ತೆ? ನಿನ್ನೆ ಜನ ಎರಡೆರಡು ಪ್ಲೇಟ್ ತಿಂದ್ರು."

"ನಮ್ಮಮ್ಮನೂ ತಿಂದ್ರು."

ಅವನು ದಿನವೂ ಮನೆಗೆ ಒಯ್ಯುವ ಪೊಟ್ಟಣ ಜಯಮಾಲಾಳಿಗೆ ಮರೆತೇ ಹೋಗಿತ್ತು.

"ಸಾರಿ ಖುರ್ಷೀದ್ ಅವ್ರೇ. ನಿಜವಾಗ್ಲೂ. ಅವ್ರಿಗೆ ಹೇಳೋಕೆ ಹೋಗ್ಬೇಡಿ, ಗೊತ್ತೇ ಆಗಲ್ಲ," ಎಂದವಳು ಗಡಿಯಾರ ನೋಡಿದಳು. "ಈ ಜೋಡಿ ಸವಿಯೋಕೇ ನಲವತ್ತು ಜನ ಬರ್ತಿದ್ದಾರೆ. ಬೋರ್ಡಲ್ಲಿ ನಿಮ್ಮ ಹೆಸರೂ ಬರೆಸಿದೀನಿ. ಇದೊಂದು ಬಕೆಟ್ ಸುಟ್ಟುಕೊಟ್ಬಿಡಿ."

ಖುರ್ಷೀದ್ ಕೈತೊಳೆಯುವ ನೀರಿನ ಚೊಂಬೆತ್ತಿ ಕೆಂಡದ ಮೇಲೆ ಸುರಿದ. ಚುಂಯ್ ಎಂದು ಬೂದಿ ಅವರಿಬ್ಬರ ನಡುವೆ ಎದ್ದಿತು.

"ಸುಡಲ್ಲ," ಅಂದ.