ಲಾಕ್ ಇಲ್ಲದ ಜೀಪು

ಜೀಪಿನ ಹಿಂದಿನ ಎಕ್ಸಲ್ಲಿನ ಮುಚ್ಚಳ ಬಿಚ್ಚುವ ಮೊದಲೇ ಒಳಗೆ ಏನು ಇಲ್ಲವೆಂಬುದು ದುರಗಪ್ಪನಿಗೆ ಗೊತ್ತಿತ್ತು. ಆದರೂ ಬಿಚ್ಚಿದ. ಹೆಣ್ಣುಮಗಳು ಎದುರಿಗೇ ನಿಂತಿದ್ದಳು. ಬಿಚ್ಚದೆ ಹೇಳಿದರೆ ನಿಮಗೆ ಹೇಗೆ ಗೊತ್ತು ಎಂದು ಕೇಳಿಯಾಳು. ಬೋಲ್ಟುಗಳು ಒಂದೊಂದಾಗಿ ತಗಡಿನ ತಟ್ಟೆಗೆ ಬಿದ್ದವು. ಕಪ್ಪು ಎಣ್ಣೆ ಬೋಗುಣಿಗೆ ಇಳಿಯಿತು. ಅವನು ಬ್ಯಾಟರಿ ಹಿಡಿದು ಒಳಗೆ ನೋಡಿದಂತೆ ಮಾಡಿದ.

"ಇದರಾಗ ಲಾಕ್ ಇಲ್ಲ ತಂಗಿ."

"ಇಲ್ಲಂತ ನನಗೂ ಗೊತ್ತೈತ್ರಿ," ಅಂದಳು ನಿರ್ಮಲಾ. "ಇದ್ದಿದ್ರ ಒಂದ ಗಾಲಿ ಹಂಗ ಗರಗರ ತಿರಗತಿದ್ದಿಲ್ಲ. ಈಗ ಹಾಕಿಕೊಡ್ರಿ. ಎರಡೂ ಗಾಲಿ ಕೂಡೇ ತಿರಗಬೇಕು."

ಗಳಗನಾಥದ ಕಡೆಯಿಂದ ರಾಣೇಬೆನ್ನೂರಿನ ತನಕ ಅವಳೇ ಜೀಪು ಓಡಿಸಿಕೊಂಡು ಬಂದಿದ್ದಳು. ಗಂಡ ಮೈಲೇಶ ಇದೇ ಜೀಪಿನಲ್ಲಿ ಮೂರು ಹಳ್ಳಿಯ ಹಾಲಿನ ಕ್ಯಾನುಗಳನ್ನು ಹೇರಿಕೊಂಡು ಡೈರಿಗೆ ಮುಟ್ಟಿಸುತ್ತಿದ್ದ. ಹೋದ ಶ್ರಾವಣದಲ್ಲಿ ಜೀಪು ಅವನ ಮೇಲೆ ಉರುಳಿತ್ತು. ಆರು ತಿಂಗಳು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಗಾಡಿಯನ್ನು ಮಾರುವುದೆಂದು ಮನೆಯವರು ಮಾತಾಡಿಕೊಂಡಾಗ, ಮಾರುವುದು ಬೇಡ, ಹಾಲು ನಾನೇ ಹೇರುತ್ತೇನೆ ಎಂದು ನಿರ್ಮಲಾ ಹಟ ಹಿಡಿದಿದ್ದಳು. ಜೊತೆಗೆ ಬಂದಿದ್ದ ಮಾವ ಗುಡ್ಡಪ್ಪ ಗ್ಯಾರೇಜಿನ ಒಳಗೆ ಬಂದಿರಲಿಲ್ಲ. ಹೊರಗೆ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ, ಇವರಿಗೆ ಬೆನ್ನು ಮಾಡಿ ಕೂತಿದ್ದ.

"ಅವರು ಯಾವಾಗಲೂ ನಿಮ್ಮ ಕಡೇನ ತರತಿದ್ರು. ದುರಗಪ್ಪ ಮೇಸ್ತ್ರಿ ಬಿಟ್ರ ಬ್ಯಾರೇದವರ ಕೈ ಹಚ್ಚಸೂದಿಲ್ಲ ಅಂತಿದ್ರು," ಎನ್ನುತ್ತ ನಿರ್ಮಲಾ ಸೀಟಿನ ಕೆಳಗೆ ಬಗ್ಗಿ ಬೆರಳು ಇಟ್ಟು ತೋರಿಸಿದಳು. "ಇಲ್ಲೊಂದು ತೂತು ಮುಚ್ಚೇರಲ್ರಿ. ಮೊದಲ ಏನರ ಇತ್ತೇನು?"

"ಹಳೇ ಗಾಡಿ. ತೂತು ಇರತಾವು," ಅಂದ ದುರಗಪ್ಪ.

ಆ ತೂತನ್ನು ಮುಚ್ಚಿದವನು ಅವನೇ. ಲಾಕಿನ ಲಿವರ್ ಅಲ್ಲಿತ್ತು.

ಹೇಗಾಯಿತೆಂದು ಅವನು ಕೇಳಲಿಲ್ಲ. ಅವಳೇ ಹೇಳಿದಳು. ಪ್ರತಿ ಸಲವೂ ಅದೇ ಕ್ರಮದಲ್ಲಿ ಹೇಳಿ ಹೇಳಿ ರೂಢಿಯಾದವಳಂತೆ, ದನಿ ಏರಿಸದೆ, ಇಳಿಸದೆ.

"ಹಳ್ಳದ ಏರಿನಾಗ ಸಿಕ್ಕೊಂತು. ಬಲಗಾಲಿ ರಾಡ್ಯಾಗ, ಎಡಗಾಲಿ ಗಟ್ಟಿ ನೆಲದ ಮ್ಯಾಲೆ. ನಾ ಸ್ಟೇರಿಂಗ್ ಹಿಡದಿದ್ದೆ, ಅವರು ಹಿಂದ ನಿಂತು ನೂಕತಿದ್ರು. ಗಾಡಿ ಬಂದ್ ಬಿತ್ತು. ಹ್ಯಾಂಡ್‌ಬ್ರೇಕ್ ಎಳದು ಇಳಿ, ಗಾಲಿಗೆ ಕೊಡಾಕ ಒಂದ ಕಲ್ಲ ತಾ ಅಂದ್ರು. ಎಳದೆ. ಎಳದೆ ಅಂತನ ಅನಸ್ತೈತ್ರಿ. ಇಳ್ಯಾಕಂತ ಬ್ರೇಕಿನ ಮ್ಯಾಲಿನ ಕಾಲ ತಗದೆ. ಅಷ್ಟ."

ಹೊಲದಲ್ಲಿದ್ದವರು ಓಡಿಬಂದು ಜೀಪು ಎತ್ತಿ ಸರಿಸಿದ್ದರು. ಆ ಗದ್ದಲದಲ್ಲಿ ಹ್ಯಾಂಡ್‌ಬ್ರೇಕಿನ ಲಿವರನ್ನು ಯಾರು ಮುಟ್ಟಿದರೋ ಯಾರಿಗೂ ನೆನಪಿಲ್ಲ. ಗುಡ್ಡಪ್ಪ ಬಂದು ನೋಡಿದಾಗ ಹ್ಯಾಂಡ್‌ಬ್ರೇಕ್ ಕೆಳಗೆ ಬಿದ್ದಿತ್ತು. ಅದನ್ನೇ ಪಂಚನಾಮೆಯಲ್ಲಿ ಬರೆಸಿದ. ಅಂದಿನಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದ. ಅತ್ತೆ ಬಸವಣ್ಣೆವ್ವ ಅವಳ ಕೈಯಿಂದ ನೀರು ಇಸಿದುಕೊಳ್ಳುತ್ತಿರಲಿಲ್ಲ.

"ಎಳದಿಲ್ಲಂತಾರ ಎಲ್ಲಾರೂ. ಒಮ್ಮೊಮ್ಮೆ ನನಗೂ ಹಂಗ ಅನಸ್ತೈತಿ," ಅಂದಳು ನಿರ್ಮಲಾ.

ದುರಗಪ್ಪನ ಕೈಯಲ್ಲಿ ಬೋಲ್ಟು ತಿರುವುತ್ತಿದ್ದ ಪಾನಾ ಹಾಗೇ ನಿಂತಿತು. ಈ ಹಳೆಯ ಜೀಪಿನ ಹ್ಯಾಂಡ್‌ಬ್ರೇಕ್ ಗಾಲಿಗಳನ್ನು ಹಿಡಿಯುವುದಿಲ್ಲ. ಎಂಜಿನ್ನಿನಿಂದ ಹಿಂದಿನ ಎಕ್ಸಲ್ಲಿಗೆ ಬರುವ ಉದ್ದನೆಯ ದಂಡವನ್ನು ಹಿಡಿಯುತ್ತದೆ. ಲಾಕ್ ಇದ್ದರೆ ದಂಡ ನಿಂತಾಗ ಎರಡು ಗಾಲಿಯೂ ನಿಲ್ಲುತ್ತವೆ. ಲಾಕ್ ಇಲ್ಲದಿದ್ದರೆ, ರಾಡಿಯಲ್ಲಿರುವ ಗಾಲಿ ಮುಂದಕ್ಕೆ ಜಾರಿ ತಿರುಗುತ್ತದೆ, ಗಟ್ಟಿ ನೆಲದ ಗಾಲಿ ಹಿಂದಕ್ಕೆ ಉರುಳುತ್ತದೆ. ಲಿವರ್ ಎಷ್ಟೇ ಬಿಗಿಯಾಗಿ ಎಳೆದಿದ್ದರೂ ಗಾಡಿ ಹಿಂದೆ ಬರುತ್ತದೆ. ಮೂವತ್ತು ವರ್ಷದ ಕೆಲಸದಲ್ಲಿ ಇದು ಅವನಿಗೆ ತಿಳಿಯದ್ದಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದ ದಿನ ಮಾತ್ರ ಅವನು ಇಷ್ಟು ದೂರ ಯೋಚಿಸಲು ಹೋಗಿರಲಿಲ್ಲ.

"ಲಾಕ್‌ನಾಗ ಎರಡು ನಮೂನಿ ಬರತಾವು," ಅಂದ, ಏನಾದರೂ ಮಾತಾಡಬೇಕೆಂದು. "ಒಂದು ತಾನ ಬೀಳೂದು. ಗಾಲಿ ಜಾರಿತಂದ್ರ ತಾನ ಹಿಡಕೊಂತೈತಿ. ಆದ್ರ ಟಾರ್ ರಸ್ತಾದಾಗ ತಿರುವಿಗೊಮ್ಮೆ ಟಕ್ ಟಕ್ ಅಂತೈತಿ, ಟಾಯರ್ ಲಗೂನ ಸವೀತಾವು. ಇನ್ನೊಂದು ಲಿವರ್‌ದು. ರಾಡಿ ಬಂದಾಗ ನಾವ ಎಳೀಬೇಕು, ದಾಟಿದ ಮ್ಯಾಲೆ ನಾವ ಬಿಡಬೇಕು. ಎಳ್ಯಾಕ ಮರತ್ರ ಇಲ್ಲ."

ತಾನೇ ಬೀಳುವುದನ್ನೇ ಹಾಕಿ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು ಬಹಳ ಹೊತ್ತು ಯೋಚಿಸಲಿಲ್ಲ.

"ಲಿವರ್‌ದ ಹಾಕ್ರಿ. ಎಳದ್ರ ಎಳದೆ ಅಂತ ನನಗ ಖರೇ ಗೊತ್ತಾಗಬೇಕು." ಹಾಗೇ ಸೇರಿಸಿದಳು, "ಎಳದಾಗ ಹತ್ತೂ ಹಂಗ ಒಂದು ಕೆಂಪ ದೀಪಾನೂ ಕೂಡಸ್ರಿ."

ಮರುದಿನ ಬೆಳಿಗ್ಗೆ ದುರಗಪ್ಪ ಹಾವೇರಿಯ ಬಸ್ಸು ಹತ್ತಿದ. ಸ್ಟೇಷನ್ನಿನ ಹಿಂದೆ ಬಿಸ್ಮಿಲ್ಲಾಬಿಯ ಗುಜರಿ ಅಂಗಡಿ ಇತ್ತು. ಗಂಡ ತೀರಿದ ಮೇಲೆ ಆಕೆಯೇ ನಡೆಸುತ್ತಿದ್ದಳು. ಯಾವ ಗಾಡಿಯ ಯಾವ ಎಲುಬು ಎಲ್ಲಿ ಬಿದ್ದಿದೆ ಎಂಬುದು ಕೂತಲ್ಲಿಂದಲೇ ಆಕೆಗೆ ಗೊತ್ತು. ಅವನು ಬೇಕಾದದ್ದನ್ನು ಹೇಳಿದ. ಆಕೆ ಎಲೆ ಜಗಿಯುತ್ತ ಮೂಲೆಯ ಕಡೆ ಗದ್ದ ಎತ್ತಿದಳು. ಹರಿದ ತಾಡಪತ್ರಿಯ ಕೆಳಗೆ ಜೀಪಿನ ಎಕ್ಸಲ್ ಒಂದು ಮಲಗಿತ್ತು. ಬಿಚ್ಚಿ, ಒಳಗಿನ ಲಾಕಿನ ಹಲ್ಲಿನ ಬಳೆಯನ್ನು ಸೀಮೆಎಣ್ಣೆಯಲ್ಲಿ ತೊಳೆದ. ಒಂದು ಹಲ್ಲೂ ಮುರಿದಿರಲಿಲ್ಲ.

"ಇದು ಯಾವಾಗ ಬಂದದ್ದು ಬೂಬಮ್ಮ?"

"ಎರಡು ವರ್ಷದ ಮ್ಯಾಲಾತ್ರಿ. ಇಲ್ಲೇ ಬಿದ್ದೈತಿ. ಒಬ್ಬರೂ ಬಂದು ಕೇಳಿಲ್ಲ."

ದುರಗಪ್ಪ ಅಲ್ಲೇ ಟಾಯರೊಂದರ ಮೇಲೆ ಕೂತ. ಸಾವಿನ ಹಿಂದಿನ ವರ್ಷ, ದಸರೆಯ ಹೊತ್ತಿಗೆ, ಮೈಲೇಶ ಇಂಥದೇ ಬಳೆ ಮುರಿದುಕೊಂಡು ಬಂದಿದ್ದ. ಆ ವಾರ ಗ್ಯಾರೇಜಿನ ಮುಂದೆ ನಾಲ್ಕು ಟ್ರ್ಯಾಕ್ಟರು ನಿಂತಿದ್ದವು, ಹಿಂಗಾರಿ ಬಿತ್ತನೆಯ ಅವಸರ. "ಸಿಗೂದಿಲ್ಲೇನ್ ಅಣ್ಣಾ?" ಎಂದು ಮೈಲೇಶ ಕೇಳಿದ್ದ. "ಎಲ್ಲಾ ಕಡೆ ಕೇಳೇನಿ, ಸಿಗೂದಿಲ್ಲ. ಹಾಲಿನ ಗಾಡಿಗೆ ಯಾತರ ಲಾಕು? ಸಾದಾ ಮಾಡಿ ಕೊಡ್ತೇನಿ, ನಾಳೆ ಮುಂಜಾನಿ ಒಯ್ಯಿ" ಎಂದು ದುರಗಪ್ಪ ಕೈ ಒರೆಸಿಕೊಳ್ಳುತ್ತ ಹೇಳಿದ್ದ. ಒಬ್ಬರನ್ನೂ ಕೇಳಿರಲಿಲ್ಲ. ಹಾವೇರಿಗೆ ಒಂದು ತಾಸಿನ ದಾರಿ. ಮೈಲೇಶ ನಕ್ಕು, ಹೂಂ ನೀವು ಹೇಳಿದ ಮ್ಯಾಲೆ ಮುಗೀತು, ಅಂದಿದ್ದ.

ವಾಪಸು ಬರುವಾಗ ಬಳೆ ಗೋಣಿಚೀಲದಲ್ಲಿ ತೊಡೆಯ ಮೇಲಿತ್ತು. ಮೋಟೆಬೆನ್ನೂರಿನಲ್ಲಿ ಮೆಣಸಿನಕಾಯಿಯ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಹತ್ತಿದಳು. ಇವನ ಮುಖ ನೋಡಿ, "ಘಾಟು ಹತ್ತಿತೇನ್ರಿ? ಕಿಡಕಿ ತಗೀರಿ" ಅಂದಳು. ದುರಗಪ್ಪ ಕಿಟಕಿ ತೆಗೆದ.

ಹೇಳಿದ ದಿನ ಮಾವ, ಸೊಸೆ ಇಬ್ಬರೂ ಬಂದರು. ಜೀಪು ಹಿಂದಿನ ಎರಡು ಗಾಲಿ ಎತ್ತಿಕೊಂಡು ಜಾಕುಗಳ ಮೇಲೆ ನಿಂತಿತ್ತು. ಬಳೆ ಇನ್ನೂ ಗೋಣಿಯ ಮೇಲೇ ಇರುವುದನ್ನು ಕಂಡು ನಿರ್ಮಲಾ, "ಹಾಕೇ ಇಲ್ಲಲ್ರಿ" ಅಂದಳು.

"ಹಾಕ್ತೇನಿ ತಂಗಿ. ಅದಕ್ಕಿಂತ ಮೊದಲ ಒಂದ ತೋರಸೂದೈತಿ." ದುರಗಪ್ಪ ಹೊರಗೆ ಹೋಗಿ ಗುಡ್ಡಪ್ಪನ ಮುಂದೆ ನಿಂತ. "ಯಜಮಾನ್ರ, ಒಳಗ ಬರ್ರಿ. ನೀವ ನೋಡಬೇಕು."

ಮುದುಕ ಮನಸ್ಸಿಲ್ಲದೆ ಎದ್ದು ಬಂದ.

"ಹ್ಯಾಂಡ್‌ಬ್ರೇಕ್ ಎಳೀರಿ. ನಿಮ್ಮ ಕೈಲೇ. ಇನ್ನೂ ಜಗ್ಗಿ ಎಳೀರಿ."

ಗುಡ್ಡಪ್ಪ ಎಳೆದ. ಲಿವರ್ ಕಟಕಟ ಎಂದು ಮೇಲೆ ಬಂದು ನಿಂತಿತು.

"ಪೂರಾ ಬಿಗಿ ಆತಿಲ್ಲೋ? ಈಗ ಬರ್ರಿ. ಈ ಗಾಲಿ ಹಿಂದಕ ತಿರುವ್ರಿ."

ಗುಡ್ಡಪ್ಪ ಎಡಗಾಲಿಗೆ ಕೈ ಹಚ್ಚಿದ. ತಿರುಗಲಿಕ್ಕಿಲ್ಲ ಎಂದು ಬಲ ಹಾಕಿ ನೂಕಿದ. ಗಾಲಿ ಸಲೀಸಾಗಿ ಹಿಂದಕ್ಕೆ ಉರುಳಿತು. ಇನ್ನೊಂದು ಬದಿಯ ಗಾಲಿ ಅಷ್ಟೇ ಸಲೀಸಾಗಿ ಮುಂದಕ್ಕೆ ತಿರುಗಿತು. ಮುದುಕ ಕೈ ತೆಗೆದ. ಬಗ್ಗಿ ಲಿವರ್ ನೋಡಿಬಂದ, ಎಳೆದಲ್ಲೇ ಇತ್ತು. ಮತ್ತೆ ತಿರುವಿದ. ಮತ್ತೊಮ್ಮೆ ತಿರುವಿದ.

"ನಿಮ್ಮ ಸೊಸಿ ಬ್ರೇಕ್ ಎಳದಿದ್ಲು," ಅಂದ ದುರಗಪ್ಪ. "ಎಳದ್ರೂ ಗಾಡಿ ಬರತೈತಿ. ಲಾಕ್ ಇದ್ರ ಬರತಿದ್ದಿಲ್ಲ. ಲಾಕ್ ಇತ್ರಿ ಇದಕ್ಕ. ತಗದಾವ ನಾನ. ಈ ಸಾಮಾನು ಸಿಗೂದಿಲ್ಲಂತ ಮೈಲೇಶಗ ಸುಳ್ಳ ಹೇಳಿದೆ. ಹುಡುಕೇ ಇದ್ದಿಲ್ಲ ನಾ. ಹಾವೇರ್‍ಯಾಗ ಬಿದ್ದಿತ್ತು."

ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಗುಡ್ಡಪ್ಪ ಗಾಲಿಯ ಮೇಲೆ ಒಂದು ಕೈ ಊರಿ ಮೆಲ್ಲಗೆ ನೆಲಕ್ಕೆ ಕೂತ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿದ್ದವು. ದನಿ ಮಾತ್ರ ಹೊರಗೆ ಬರಲಿಲ್ಲ.

ಈಗ ಇವಳು ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ದುರಗಪ್ಪ ಕಾಯುತ್ತ ನಿಂತ. ಹೊಡೆದರೆ ಒಳ್ಳೆಯದಿತ್ತು. ನಿರ್ಮಲಾ ಬಂದು ಗೋಣಿಯ ಮೇಲಿದ್ದ ಬಳೆಯನ್ನು ಎತ್ತಿಕೊಂಡು, ಅದರ ಹಲ್ಲುಗಳ ಮೇಲೆ ಒಂದೊಂದಾಗಿ ಹೆಬ್ಬೆರಳು ಆಡಿಸಿದಳು. ರೊಟ್ಟಿಯಷ್ಟೂ ಅಗಲವಿರಲಿಲ್ಲ ಅದು.

"ಇಷ್ಟರ ಸಲುವಾಗಿ ಏನ್ರಿ?" ಅಂದಳು.

ದುರಗಪ್ಪ ಎಣ್ಣೆ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ.

"ಆರ ತಿಂಗಳು ದಿನಾ ಮುಂಜಾನಿ ಎದ್ದು ನನ್ನ ಕೈ ನೋಡಕೊಂಡೇನಿ. ಈ ಕೈ ಕೊಂದೈತಿ ಅಂತಿದ್ದೆ. ಅದಕ್ಕೊಂದು ಕಾರಣರೆ ಇತ್ತು." ಅವಳ ದನಿ ಮೊದಲ ಸಲ ಒಡೆಯಿತು. "ಈಗ ಅವರು ಸುಮ್ಮನ ಸತ್ತಂಗಾತಲ್ರಿ ಅಣ್ಣಾರ."

"ನಾ ಊರಿಗೆ ಬಂದು ಹೇಳ್ತೇನಿ. ಠಾಣ್ಯಾಗೂ ಹೇಳ್ತೇನಿ. ನೀವು ಎಲ್ಲಿ ಅಂತೀರಿ ಅಲ್ಲಿ."

"ಮೊದಲ ಇದನ್ನ ಕೂಡಸ್ರಿ," ಎಂದು ಬಳೆಯನ್ನು ಅವನ ಕೈಗೆ ಇಟ್ಟಳು.

ಎರಡೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಇಬ್ಬರೂ ಅಲ್ಲೇ ಇದ್ದರು. ಬೋಲ್ಟು ಬಿಗಿಯುವಾಗ ದುರಗಪ್ಪನ ಕೈ ಎರಡು ಸಲ ಜಾರಿ ಬೆರಳು ಜಜ್ಜಿತು; ಅವನು ನೋಡಿಕೊಳ್ಳಲಿಲ್ಲ. ಕೇಬಲ್ಲು ಎಳೆದು, ದೀಪ ಕೂಡಿಸಿ, ಲಾಕ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು ಕರೆದ. ಗುಡ್ಡಪ್ಪ ಗಾಲಿಗೆ ಎರಡೂ ಕೈ ಕೊಟ್ಟು ನೂಕಿದ, ಹೆಗಲು ಕೊಟ್ಟು ನೂಕಿದ. ಗಾಲಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಇನ್ನೂ ನೂಕುತ್ತಲೇ ಇದ್ದ. ನಿರ್ಮಲಾ, "ಸಾಕ್ರಿ ಮಾವಾರ" ಅಂದಳು.

ಮುದುಕ ಎದ್ದು ದುರಗಪ್ಪನ ಹತ್ತಿರ ಬಂದ. "ಠಾಣ್ಯಾಗ ಆಮ್ಯಾಲೆ ಹೇಳೂಣಂತ. ನಾಡದು ಸೋಮವಾರ ಮನಿಗೆ ಬಾ. ನಮ್ಮ ಬಸವಣ್ಣೆವ್ವನ ಮುಂದ ಕುಂತು ಇದನ್ನ ಹಿಂಗ ಹೇಳು. ನನ್ನ ಬಾಯಿಲೆ ಆಗೂದಿಲ್ಲ."

"ಬರತೇನ್ರಿ," ಅಂದ ದುರಗಪ್ಪ.

ಜೀಪು ಊರ ಕಡೆಯ ರಸ್ತೆಗೆ ಇಳಿಯಿತು. ದುರಗಪ್ಪ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಪೆಟ್ರೋಲ್ ಬಂಕಿನಾಚೆ ಹೋದ ಗಾಡಿ ಬದಿಗೆ ಸರಿದು ನಿಂತಿತು. ಕೆಟ್ಟಿತೇನೋ ಎಂದು ಅವನು ನಾಲ್ಕು ಹೆಜ್ಜೆ ಮುಂದೆ ಹೋದ. ಕೆಟ್ಟಿರಲಿಲ್ಲ. ಗುಡ್ಡಪ್ಪ ಇಳಿದು ಬಾನೆಟ್ಟಿಗೆ ಕೈ ಊರಿ ನಿಂತ. ಸ್ವಲ್ಪ ಹೊತ್ತಿಗೆ ನಿರ್ಮಲಾಳೂ ಇಳಿದಳು. ಜೀಪಿನ ಆಚೆ ಒಬ್ಬರು, ಈಚೆ ಒಬ್ಬರು. ಮಾತಾಡುತ್ತಿದ್ದರೋ ಇಲ್ಲವೋ ಇಷ್ಟು ದೂರದಿಂದ ತಿಳಿಯುತ್ತಿರಲಿಲ್ಲ. ಹತ್ತಿ ತುಂಬಿದ ಲಾರಿಯೊಂದು ಬಂದು ಅವರನ್ನು ಮರೆಮಾಡಿತು. ಅದು ದಾಟಿಹೋದ ಮೇಲೂ ಇಬ್ಬರೂ ಹಾಗೆಯೇ ನಿಂತಿದ್ದರು. ಲಾರಿಯಿಂದ ಉದುರಿದ ಹತ್ತಿಯ ತುಣುಕುಗಳು ಬಿಸಿ ಟಾರಿನ ಮೇಲೆ ಒಂದಿಷ್ಟು ದೂರ ಉರುಳಿ, ಗಾಳಿ ನಿಂತಾಗ ನಿಂತವು.