ಹಿಂಬಾಗಿಲಿಗೆ ಅಡ್ಡ ನಿಂತ ದಿಂಬುಗಳು

ಎಲ್ಲಿಂದ ಶುರು ಮಾಡುವುದು? ದೊಡ್ಡ ಕಂಪನಿಯ ಗಾಜಿನ ಕಟ್ಟಡದಿಂದ ಶುರು ಮಾಡಿದರೆ ನೀವು ಆಕಳಿಸುತ್ತೀರಿ. (ನಾನೂ ಆಕಳಿಸಿಯೇ ಆ ಪುಟ ಹರಿದೆ.) ನೇರವಾಗಿ ದಿಂಬಿನ ಕಾರ್ಖಾನೆಗೇ ನುಗ್ಗೋಣ.

೧

ಒಳಗೆ ಹತ್ತಿಯ ಎಳೆಗಳು ತೇಲುತ್ತಿದ್ದವು. ಕಿಟಕಿಯ ಬಿಸಿಲಿಗೆ ಸಿಕ್ಕಾಗ ಹೊಳೆದು, ನೆರಳಿಗೆ ಜಾರಿ ಮಾಯವಾಗುತ್ತಿದ್ದವು. ಹೊಲಿಗೆ ಯಂತ್ರಗಳ ಸದ್ದು ಕೂಡ ನಿದ್ದೆಯ ಆಚೆಯಿಂದ ಕೇಳಿಬಂದಂತಿತ್ತು. ಅದರ ನಡುವೆ ತಪಾಸಣೆಯ ಮೇಡಂ ನಡೆದು ಬಂದರು. ದೇಶ ದೇಶಗಳಲ್ಲಿ ಅಂಗಡಿ ತೆರೆದ ಕಂಪನಿಯೊಂದು, ತನಗೆ ಸರಕು ಕೊಡುವವರು ಕೆಲಸಗಾರರನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ತಿಳಿದು ಬನ್ನಿ ಎಂದು ಇವರನ್ನು ಕಳಿಸಿತ್ತು.

ಬೆಂಕಿ ಬಿದ್ದರೆ ಓಡಿಹೋಗಲು ಹಿಂಬಾಗಿಲು ಎಲ್ಲಿ ಎಂದು ಕೇಳಿದರು. ಮಾಲೀಕರು ಸೂರು ಮುಟ್ಟುವಂತೆ ಪೇರಿಸಿದ ದಿಂಬುಗಳತ್ತ ಕೈ ತೋರಿಸಿದರು.

"ಅದರ ಹಿಂದೆ ಇದೆ ಮೇಡಂ."

"ಅಲ್ಲಿ ಯಾಕೆ ಪೇರಿಸಿದ್ರಿ?"

"ಇನ್ನೆಲ್ಲಿ ಪೇರಿಸ್ಲಿ? ನಿಮ್ಮ ಆಫೀಸಿನೋರು ಆರ್ಡರ್ ದುಪ್ಪಟ್ಟು ಮಾಡಿದ್ರು, ಗಡುವು ಅರ್ಧ ಮಾಡಿದ್ರು. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದ್ರು."

ಮೇಡಂ ತಪಾಸಣೆಯ ಹಾಳೆ ತೆಗೆದರು; ಅದರಲ್ಲಿದ್ದದ್ದು ಎರಡೇ ಖಾನೆ, ಪಾಸ್ ಮತ್ತು ಫೇಲ್.

೨ (ಬಿಟ್ಟುಬಿಟ್ಟ ಕರಡು)

ಮೇಡಂ ಕಾರ್ಖಾನೆಯನ್ನು ಫೇಲ್ ಮಾಡುತ್ತಾರೆ. ಕಂಪನಿ ಕೈ ತೊಳೆದುಕೊಳ್ಳುತ್ತದೆ. ಕಾರ್ಖಾನೆಗೆ ಬೀಗ, ಹೊಲಿಯುವವರೆಲ್ಲ ಬೀದಿಗೆ. ಓದಿ ನೋಡಿದೆ, ಅಳಿಸಿದೆ.

೩ (ಇದೂ ಬೇಡ)

ಮೇಡಂ ಕಣ್ಣು ಮುಚ್ಚಿಕೊಂಡು ಪಾಸ್ ಮಾಡುತ್ತಾರೆ. ಆಮೇಲೊಂದು ದಿನ, ಒಂದು ಕಿಡಿ...

ಕಥೆ ಇಲ್ಲಿಗೆ ಬರುತ್ತಲೇ ಮೇಡಂ, ಬರೆಯುತ್ತಿದ್ದ ನನ್ನತ್ತ ತಿರುಗಿದರು. "ಬೆಂಕಿ ಹಚ್ಚೋಕೆ ಹೊರಟ್ರಾ?"

"ಕಥೆಗೊಂದು ತಿರುವು ಬೇಕಲ್ಲ ಮೇಡಂ."

"ಒಳಗೆ ಜನ ಇದಾರೆ ಕಣ್ರೀ. ಅವರನ್ನ ಸುಟ್ಟು ನನಗೆ ಬುದ್ಧಿ ಕಲಿಸ್ಬೇಕಾ? ನಿಮಗೂ ಏನೋ ಗಡುವು ಇದೆ ಅನ್ಸತ್ತೆ."

ಇತ್ತು. ಆ ಕಿಡಿಯನ್ನೂ ಅಳಿಸಿದೆ.

೪

ಆಮೇಲೆ ನಡೆದದ್ದು ನನ್ನ ಲೆಕ್ಕಾಚಾರದಲ್ಲಿರಲಿಲ್ಲ. ಮೇಡಂ ಆಫೀಸಿಗೆ ಫೋನ್ ಮಾಡಿ, ತಪ್ಪು ನಮ್ಮದೂ ಇದೆ, ಗಡುವು ಮುಂದೆ ಹಾಕಿ ಎಂದರು.

"ಗಡುವು ಖರೀದಿ ವಿಭಾಗದ್ದು, ನಿಮ್ಮದು ನೈತಿಕತೆ ವಿಭಾಗ," ಎಂದರು ಮೇಲಧಿಕಾರಿ. "ಎರಡನ್ನೂ ಕಲಸ್ಬೇಡಿ. ಪಾಸೋ ಫೇಲೋ, ಅಷ್ಟು ಹೇಳಿ."

"ಎರಡೂ ಹೇಳಲ್ಲ ಸರ್. ಗಡುವು ಬದಲಾಗೋವರೆಗೂ ಇಲ್ಲೇ ಇರ್ತೀನಿ."

"ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ."

"ಬರ್ಲಿ."

ಫೋನಿಟ್ಟವರೇ ಒಂದು ದಿಂಬು ಎಳೆದುಕೊಂಡರು. ಮೂಲೆಯಲ್ಲಿ ಹೊಲಿಯುತ್ತಿದ್ದ ಅಕ್ಕ ಎದ್ದು ಬಂದು ಇನ್ನೊಂದು ಎಳೆದಳು.

"ಎಲ್ಲಿ ಹಾಕೋಣ ಮೇಡಂ?"

"ಅಂಗಳದಲ್ಲಿ."

"ಧೂಳು ಹತ್ತಿದ್ರೆ ನಿಮ್ಮೋರು ವಾಪಸ್ ಕಳಿಸ್ತಾರೆ," ಎಂದು ಮಾಲೀಕರು ಗೊಣಗಿದರು. ಆಮೇಲೆ ತಾವೇ ಹೋಗಿ ಟಾರ್ಪಾಲು ತಂದು ಹಾಸಿದರು.

ಯಂತ್ರಗಳು ಒಂದೊಂದಾಗಿ ನಿಂತವು. ಕೈಯಿಂದ ಕೈಗೆ ದಿಂಬುಗಳು, ಯಾರೋ ಮೋಡಗಳ ಮನೆ ಬದಲಾಯಿಸುತ್ತಿರುವಂತೆ, ಸದ್ದಿಲ್ಲದೆ ಹೊರಗೆ ಸಾಗಿದವು. ಕೊನೆಗೆ ತುಕ್ಕು ಹಿಡಿದ ಚಿಲಕ ಕಂಡಿತು. ಮೂರ್ನಾಲ್ಕು ಜನ ಹೆಗಲು ಕೊಟ್ಟು ದೂಡಿದರು. ಬಾಗಿಲು ನರಳಿ ತೆರೆದುಕೊಂಡಿತು.

೫

ಈಗ ಮುಕ್ತಾಯ. ಕಂಪನಿ ಮಣಿಯಿತು ಎನ್ನಲೇ? ಮೇಡಂ ಕೆಲಸ ಹೋಯಿತು ಎನ್ನಲೇ? ನೀವೇ ಆರಿಸಿಕೊಳ್ಳಿ ಎನ್ನೋಣವೆಂದರೆ ಅದು ನಾನು ಜಾರಿಕೊಳ್ಳುವ ಮಾತು. ಮೇಡಂ, ಮತ್ತೆ ಯಾರೂ ಏನನ್ನೂ ಪೇರಿಸದ ಹಾಗೆ, ಆ ಹೊಸ್ತಿಲ ಮೇಲೇ ಕೂತಿದ್ದಾರೆ. ಒಳಗೆ ಯಂತ್ರಗಳು ಮತ್ತೆ ಓಡತೊಡಗಿವೆ. ಗಡುವಿನ ಬಗ್ಗೆ ಆಫೀಸಿನಿಂದ ಇನ್ನೂ ಉತ್ತರವಿಲ್ಲ.

"ಏಳಿ ಮೇಡಂ, ಕಥೆ ಮುಗಿಸ್ಬೇಕು."

"ನಿಮಗೆ ಅರ್ಜೆಂಟಿದ್ರೆ ಹೊರಡಿ," ಎಂದರು. "ಒಳಗೆ ಇನ್ನೂ ಕೆಲಸ ನಡೀತಿದೆ."