ಬೈಕುಗಳ ಹಿಂದೊಂದು ವ್ಯಾನು

ಮರುಭೂಮಿಯಲ್ಲೇ ಹುಟ್ಟಿ ಬೆಳೆದ ಮನುಷ್ಯ ಕೈಯಿಂದ ದುಡ್ಡು ಹಾಕಿ ಇನ್ನೊಂದು ಮರುಭೂಮಿ ನೋಡಲು ಹೊರಟರೆ ಅದಕ್ಕೆ ಏನನ್ನಬೇಕೋ ಹಂಝನಿಗೆ ತಿಳಿಯುತ್ತಿರಲಿಲ್ಲ. ಏನೂ ಅನ್ನಬೇಕಾಗಿಯೂ ಇರಲಿಲ್ಲ ಬಿಡಿ, ಅವನ ಕೆಲಸ ಮೋಟೆಲು ಹುಡುಕುವುದು. ಕುವೈತಿನ ಜಹ್ರಾದಲ್ಲಿ ಡೇರೆ, ಚಾಪೆ, ಕ್ಯಾಂಪಿನ ಒಲೆ ಮಾರುವ ಅಂಗಡಿಯೊಂದರ ಮ್ಯಾನೇಜರ್ ಅವನು. ಮಧ್ಯಾಹ್ನ ಅಂಗಡಿ ಮುಚ್ಚಿ ಉಳಿದವರೆಲ್ಲ ಉಂಡು ಅಡ್ಡಾದ ಮೇಲೆ, ಹಿಂದಿನ ಕೋಣೆಯ ಕಂಪ್ಯೂಟರಿನ ಮುಂದೆ ಕಣ್ಣುಜ್ಜಿಕೊಳ್ಳುತ್ತ ಕೂತು, ಅರಿಝೋನಾದಲ್ಲಿ ಎರಡು ದೊಡ್ಡ ಬೈಕು ನಿಲ್ಲಿಸಲು ಜಾಗವಿರುವ ಮೋಟೆಲು ಹುಡುಕುತ್ತಿದ್ದ.

ಹೊರಟವನು ಅವನ ಕಫೀಲ್ ಅಬೂ ತಲಾಲ್, ಅಂಗಡಿಯ ಯಜಮಾನ, ಹಂಝನ ವೀಸಾಕ್ಕೆ ಹೊಣೆಯಾದವನು. ಸರಕಾರಿ ಕೆಲಸದಿಂದ ನಿವೃತ್ತನಾದ ವರ್ಷ ಈ ಮನುಷ್ಯ ಎಮ್ಮೆಯಷ್ಟು ದೊಡ್ಡದೊಂದು ಅಮೆರಿಕನ್ ಬೈಕು ಕೊಂಡ. ಚಳಿಗಾಲದ ಶುಕ್ರವಾರಗಳಲ್ಲಿ ಅದನ್ನು ವಫ್ರಾದ ತೋಟಗಳವರೆಗೆ ಓಡಿಸಿಕೊಂಡು ಹೋಗಿ, ಒಂದು ಚೀಲ ಟೊಮೆಟೊ ತಂದು, ಎರಡು ದಿನ ಸೊಂಟ ಹಿಡಿದುಕೊಂಡು ಮಲಗುತ್ತಿದ್ದ. ಅವನ ಮನೆಯ ಮುಂಭಾಗದ ದಿವಾನಿಯಾದಲ್ಲಿ ಗಂಡಸರು ಸಂಜೆ ಸೇರಿ ಚಹಾ ಕುಡಿಯುತ್ತ ಹರಟುವುದುಂಟು. ಅಲ್ಲಿ ಯಾರೋ ಹೇಳಿದರು, ಇಂಥ ಬೈಕು ಇಟ್ಟುಕೊಂಡವನು ಜನ್ಮದಲ್ಲಿ ಒಮ್ಮೆಯಾದರೂ ಅಮೆರಿಕವನ್ನು ಈ ಕಡಲಿಂದ ಆ ಕಡಲಿಗೆ ದಾಟಬೇಕು ಎಂದು. ಹೇಳಿದವನು ಚಹಾ ಮುಗಿಸಿ ಮನೆಗೆ ಹೋದ. ಕೆಲಸ ಹಂಝನ ತಲೆಗೆ ಬಂತು.

ಅದೇನು ಸಣ್ಣ ಕೆಲಸವೆ? ಬೈಕನ್ನು ಹಡಗಿನಲ್ಲಿ ಕಳಿಸುವುದೋ ಅಲ್ಲೇ ಬಾಡಿಗೆಗೆ ಹಿಡಿಯುವುದೋ ಎಂದು ತೀರ್ಮಾನವಾಗುವುದಕ್ಕೇ ಒಂದು ತಿಂಗಳು ಹೋಯಿತು. ಲಾಸ್ ಏಂಜಲಿಸಿನಲ್ಲಿ ಹಿಡಿದದ್ದನ್ನು ನ್ಯೂಯಾರ್ಕಿನಲ್ಲಿ ಬಿಡುತ್ತೇವೆ ಎಂದರೆ ಬಾಡಿಗೆಯವರು ಬೇರೆಯೇ ರಾಗ ಎಳೆಯುತ್ತಿದ್ದರು. ಹೊರದೇಶದವರ ಲೈಸನ್ಸಿನಲ್ಲಿ ಬೈಕಿನ ಅನುಮತಿ ಬೇರೆಯಾಗಿ ಇರಬೇಕಂತೆ, ಜೊತೆಗೆ ಅಂತಾರಾಷ್ಟ್ರೀಯ ಪರ್ಮಿಟ್ಟು ಬೇಕಂತೆ, ಯಾರಿಗಾದರೂ ಗುದ್ದಿದರೆ ಭರಿಸುವ ವಿಮೆ ಮತ್ತೊಂದಂತೆ. ಒಂದು ರಾಜ್ಯದಲ್ಲಿ ಹೆಲ್ಮೆಟ್ ಕಡ್ಡಾಯ, ಪಕ್ಕದ ರಾಜ್ಯದಲ್ಲಿ ಕೇಳುವವರೇ ಇಲ್ಲ. ಬೇಗ ಹೋದರೆ ಸುಡು ಬಿಸಿಲು, ತಡವಾದರೆ ಬೆಟ್ಟದ ಮೇಲೆ ಹಿಮ, ಹಾಗಾಗಿ ಸೆಪ್ಟೆಂಬರ್ ಎಂದಾಯಿತು. ದಿನಕ್ಕೆ ಎಷ್ಟು ಮೈಲಿ ಎಂಬುದಕ್ಕೆ ಅಬೂ ತಲಾಲನ ಬಾಯಿ ಒಂದು ಲೆಕ್ಕ ಹೇಳಿದರೆ ಸೊಂಟ ಇನ್ನೊಂದು ಹೇಳುತ್ತಿತ್ತು. ಹಂಝ ಸೊಂಟವನ್ನೇ ನಂಬಿ ತಂಗುವ ಊರುಗಳನ್ನು ಗೊತ್ತುಮಾಡಿದ. ಯಾವ ಊರಿನ ಹೆಸರೂ ಅವನಲ್ಲಿ ಒಂದು ಆಸೆಯನ್ನೂ ಹುಟ್ಟಿಸಲಿಲ್ಲ. ಅವನು ದಣಿದಿದ್ದ. ನಿದ್ದೆ ಮಾಡಿ ಎದ್ದರೆ ಇಳಿದುಹೋಗುವ ದಣಿವು ಅದಲ್ಲ. ಬೆಳಿಗ್ಗೆ ಅಂಗಡಿಯ ಶಟರು ಎತ್ತುವಾಗಲೇ ಸಂಜೆಯ ಆಯಾಸ ಮೈಗೆ ಅಂಟಿಕೊಂಡಿರುತ್ತಿತ್ತು.

ಅವನಿಗೆ ಬೇಕಾದದ್ದು ಒಂದೇ, ವಿಟ್ಲದ ಮನೆಗೆ ಹೋಗುವುದು. ಅದೂ ರಜೆಗಲ್ಲ, ಶಾಶ್ವತವಾಗಿ. ಮದುವೆಯಾದ ಮೇಲೆ ಹೆಂಡತಿ ಆಸಿಯಮ್ಮನನ್ನು ಅವನು ನೋಡಿದ್ದೆಲ್ಲ ರಜೆಯ ಕಂತುಗಳಲ್ಲಿ. ಮಗಳು ಫರ್ಝಾನಾ ನಡೆಯಲು ಕಲಿತದ್ದನ್ನು ಅವನು ಫೋನಿನಲ್ಲಿ ಕೇಳಿದ್ದ. ಈಗ ಅವಳು ಕಾಲೇಜು ಮುಗಿಸಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಕಳೆದ ಸಲ ರಜೆ ಮುಗಿಸಿ ಹೊರಟಾಗ ಆಸಿಯಮ್ಮ ಅವನ ಪೆಟ್ಟಿಗೆಗೆ ಹಪ್ಪಳದ ಕಟ್ಟು ಇಡುತ್ತ ಒಂದು ಮಾತು ಹೇಳಿದ್ದಳು.

“ನೀವು ಇಲ್ಲದ್ದು ನಂಗೆ ಅಭ್ಯಾಸ ಆಗ್ತಾ ಉಂಟು. ಪೂರಾ ಅಭ್ಯಾಸ ಆಗುವ ಮೊದ್ಲು ಬಂದುಬಿಡಿ.”

ಸಿಟ್ಟಿಲ್ಲ, ಅಳುವಿಲ್ಲ. ಮನೆಯಲ್ಲಿ ಉಪ್ಪು ಮುಗಿಯುತ್ತ ಬಂದಿದೆ ಎನ್ನುವ ಹಾಗೆ ಹೇಳಿ ಪೆಟ್ಟಿಗೆಯ ಜಿಪ್ಪು ಎಳೆದಳು. ಅವಳು ರಂಪ ಮಾಡಿದ್ದರೆ ಹಂಝ ಸಮಾಧಾನ ಹೇಳಿ ಮರೆತುಬಿಡುತ್ತಿದ್ದನೋ ಏನೋ. ಈ ಮಾತು ಮಾತ್ರ ವಿಮಾನ ಹತ್ತಿ ಅವನ ಜೊತೆಗೇ ಬಂತು.

ಹಾಗಿದ್ದರೆ ಯಜಮಾನನಿಗೆ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಿದ್ದ. ಹೇಗೆ ಹೇಳಿದ್ದ ಎಂಬುದನ್ನೂ ಕೇಳಿ. ಬಾಗಿಲ ಹತ್ತಿರ ನಿಂತು, ನೆಲ ನೋಡುತ್ತ, ಬಾಬಾ, ನಿಮಗೆ ತೊಂದರೆಯಿಲ್ಲದಿದ್ದರೆ, ನಿಮ್ಮ ಒಪ್ಪಿಗೆಯಿದ್ದರೆ, ಇನ್ಶಾ ಅಲ್ಲಾಹ್ ಈ ವರ್ಷ ಊರಿನ ಕಡೆ ಸ್ವಲ್ಪ ನೋಡಬೇಕು ಅಂತ, ಎಂದಿದ್ದ. ಅಬೂ ತಲಾಲ್ ಫೋನಿನಿಂದ ತಲೆಯೆತ್ತದೆ ಇನ್ಶಾ ಅಲ್ಲಾಹ್ ಎಂದಿದ್ದ. ಅಲ್ಲಿಗೆ ಆ ವರ್ಷದ ಮಾತುಕತೆ ಮುಗಿಯಿತು. ಒಂದು ಸಲ ಹೀಗೆ ಕೇಳಿದ ಬೆನ್ನಿಗೇ ಯಜಮಾನನ ತಾಯಿ ತೀರಿಕೊಂಡರು. ಇನ್ನೊಂದು ಸಲ ಕೊರೊನಾ ಬಂತು. ಮತ್ತೊಂದು ಸಲ ಅಂಗಡಿ ಬೇರೆ ಬೀದಿಗೆ ಹೋಯಿತು. ಪ್ರತಿ ಸಲವೂ ಇಲ್ಲಿ ಇರಲು ಬೇಕಾದ ಇಕಾಮಾ ಸದ್ದಿಲ್ಲದೆ ನವೀಕರಣವಾಗುತ್ತಿತ್ತು.

ಈ ವರ್ಷ ಅದು ಮೇ ತಿಂಗಳಲ್ಲಿ ಮುಗಿಯುವುದಿತ್ತು. ಈ ಸಲ ಮಾಡಿಸುವುದಿಲ್ಲ ಎಂದು ಹಂಝ ಗಟ್ಟಿಮನಸ್ಸು ಮಾಡಿ ಆಸಿಯಮ್ಮನಿಗೂ ತಿಳಿಸಿದ್ದ. ಏಪ್ರಿಲಿನ ಒಂದು ಸಂಜೆ ದಿವಾನಿಯಾದಲ್ಲಿ ಅಬೂ ತಲಾಲ್ ಎಲ್ಲರ ಮುಂದೆ ಹೊಸ ಸುದ್ದಿ ಸಾರಿದ. ತಾನೂ ತನ್ನ ಭಾವನೂ ಬೈಕಿನಲ್ಲಿ ಹೋದರೆ ಸಾಮಾನು, ಔಷಧಿ, ಚಹಾದ ಕೆಟಲು ಹೊತ್ತುಕೊಂಡು ಹಿಂದಿನಿಂದ ಒಂದು ವ್ಯಾನು ಬರಬೇಕು. ಅದನ್ನು ಹಂಝನೇ ಓಡಿಸುತ್ತಾನೆ. ಹಂಝನಿಲ್ಲದ ಅಮೆರಿಕ ತನಗೆ ಯಾತಕ್ಕೆ ಎಂದು ಹೆಗಲಿಗೆ ಕೈ ಹಾಕಿ ಹತ್ತಿರ ಎಳೆದುಕೊಂಡ. ಅದರಲ್ಲಿ ಕಪಟವಿರಲಿಲ್ಲ, ಪ್ರೀತಿಯಿಂದಲೇ ಹೇಳಿದ್ದ. ಕೂತವರೆಲ್ಲ ಮಬ್ರೂಕ್ ಎಂದು ಶುಭ ಕೋರಿದರು. ಹಂಝ ನಕ್ಕ. ಇದೇ ಅವನ ರೋಗ ನೋಡಿ, ಬೇಡ ಎನ್ನಬೇಕಾದಲ್ಲಿ ಹಲ್ಲು ಕಿರಿಯುವುದು.

ಅಮೆರಿಕದ ವೀಸಾ ಕೇಳುವ ಪರದೇಶಿಯ ಕೈಯಲ್ಲಿ ಮುಗಿಯುತ್ತ ಬಂದ ಇಕಾಮಾ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ಯಾರೋ ಹೇಳಿದರು. ಅಬೂ ತಲಾಲ್ ಯಲ್ಲಾ ಯಲ್ಲಾ ಎಂದು ಅವಸರ ಮಾಡಿ ಅದನ್ನು ಎರಡು ವರ್ಷಕ್ಕೆ ಮುಂದುವರಿಸಿಬಿಟ್ಟ. ಊರಿಗೆ ಹೊರಡಬೇಕಾದವನಿಗೆ ಬಹುಮಾನದ ಹಾಗೆ ಇನ್ನೂ ಎರಡು ವರ್ಷ ಸಿಕ್ಕಿತು. ಸೆಪ್ಟೆಂಬರ್ ಕಳೆದ ಕೂಡಲೇ ಬರುತ್ತೇನೆ ಎಂದು ಹಂಝ ಫೋನಿನಲ್ಲಿ ಹೇಳಿದಾಗ ಆಸಿಯಮ್ಮ ಹೂಂ ಎಂದಳು. ಬೈಯಬಹುದಿತ್ತು. ಬೈದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಅವನ ಸೊರಗಿದ ಮುಖ ಕಂಡು ಬೀರಾನ್‌ಗೆ ತಡೆಯಲಾಗಲಿಲ್ಲ. ಅಂಗಡಿಯ ಡೆಲಿವರಿ ವ್ಯಾನು ಓಡಿಸುವ ಬೀರಾನ್ ಉಪ್ಪಿನಂಗಡಿಯ ಕಡೆಯವನು, ಹಂಝನ ರೂಮಿನಲ್ಲೇ ಇರುವವನು. ಹತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು.

“ಜನ ಅಮೇರಿಕಾ ಅಂದ್ರೆ ಬಾಯಿ ಬಿಡ್ತಾರೆ. ನೀವು ಎಂತ ಹಂಝಾಕ, ಸತ್ತವರ ಮನೆಗೆ ಮಯ್ಯತ್ತು ನೋಡ್ಲಿಕ್ಕೆ ಹೊರಟವರ ಹಾಗೆ ಕೂತಿದ್ದೀರಿ?”

ಹಂಝ ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡ. ಬೀರಾನ್ ಸಮೂನ್ ರೊಟ್ಟಿ ಮುರಿಯುತ್ತ ಯೋಚಿಸಿ, ಅದಕ್ಕೇನು, ವೀಸಾ ಸಿಗದಿದ್ದರೆ ಆಯಿತಲ್ಲ ಎಂದ. ಎಂಥೆಂಥವರಿಗೋ ಸಿಗುವುದಿಲ್ಲ. ಕಿಟಕಿಯಲ್ಲಿ ಕೂತ ಆಫೀಸರು, ಪ್ರವಾಸ ಮುಗಿದ ಮೇಲೆ ಕುವೈತಿಗೆ ವಾಪಸು ಬರುತ್ತೀಯಾ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲ ಅಂದುಬಿಡಿ. ಅಲ್ಲಿಗೆ ಖಲಾಸ್.

ಈ ಉಪಾಯ ಹಂಝನ ತಲೆಯಲ್ಲಿ ಗೂಡು ಕಟ್ಟಿತು. ಎಷ್ಟೋ ವರ್ಷಗಳಿಂದ ತನ್ನ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನು ತನ್ನ ಬದಲು ಅಮೆರಿಕವೇ ಹೇಳಿಬಿಡುವುದಾದರೆ ಅದಕ್ಕಿಂತ ಇನ್ನೇನು ಬೇಕು! ಅಬೂ ತಲಾಲನ ಮನಸ್ಸೂ ನೋಯುವುದಿಲ್ಲ, ತನ್ನ ಮುಖವೂ ಉಳಿಯುತ್ತದೆ. ಸುಳ್ಳು ಕೂಡ ಹೇಳಬೇಕಾಗಿಲ್ಲ. ನಾನು ಕುವೈತಿಗೆ ಮರಳುವುದಿಲ್ಲ, ನನ್ನ ಹೆಂಡತಿ ಇರುವಲ್ಲಿಗೆ ಹೋಗುತ್ತೇನೆ. ಈ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡು, ಡೇರೆಯ ಗೂಟ ಎಣಿಸುವಾಗಲೂ ನಮಾಝಿಗೆ ಕೈಕಾಲು ತೊಳೆದು ವುಝೂ ಮಾಡುವಾಗಲೂ ಹೇಳಿ ಹೇಳಿ ಬಾಯಿಪಾಠ ಮಾಡಿದ. ಬಹಳ ದಿನಗಳ ನಂತರ ಹೊಟ್ಟೆ ತುಂಬ ಉಂಡ.

ಸಂದರ್ಶನದ ಬೆಳಿಗ್ಗೆ ಬೀರಾನೇ ಅವನನ್ನು ಬಯಾನ್‌ನ ಎಂಬಸಿಯ ಹತ್ತಿರ ಇಳಿಸಿದ. ಒಳಗೆ ಸಾಲಿನಲ್ಲಿ ನಿಂತವರು ಫೈಲುಗಳನ್ನು ಎದೆಗವಚಿಕೊಂಡು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದರು. ಎಲ್ಲರ ದುವಾ ಒಂದೇ, ವೀಸಾ ಸಿಗಲಿ. ಸಿಗದಿರಲಿ ಎಂದು ಕೇಳುತ್ತಿದ್ದವನು ಹಂಝ ಒಬ್ಬನೇ. ಪಕ್ಕದವರ ದುವಾದ ಜೊತೆ ತನ್ನದು ಕಲಸಿಹೋಗಿ ಅವರಿಗೇನಾದರೂ ಕೇಡಾದೀತು ಎಂದು ಅವನಿಗೆ ಸ್ವಲ್ಪ ಹೆದರಿಕೆಯೂ ಆಯಿತು.

ಕಿಟಕಿಯಲ್ಲಿ ಕೂತದ್ದು ಫರ್ಝಾನಾಳ ವಯಸ್ಸಿನ ಒಬ್ಬ ಹುಡುಗಿ. ಯಾಕೆ ಹೋಗುತ್ತೀರಿ ಎಂದು ಕೇಳಿದಳು. ಯಜಮಾನರು ಬೈಕಿನಲ್ಲಿ ಹೋಗುತ್ತಾರೆ, ನಾನು ಹಿಂದಿನಿಂದ ಸಾಮಾನಿನ ವ್ಯಾನು ತರುತ್ತೇನೆ ಎಂದ. ಅವಳ ಮುಖದಲ್ಲಿ ನಗು ಹಾದುಹೋಯಿತು. ಕುವೈತಿನಲ್ಲಿ ಎಷ್ಟು ಕಾಲದಿಂದ ಇದ್ದೀರಿ? ಇಪ್ಪತ್ತಾರು ವರ್ಷ. ಅಷ್ಟೂ ಕಾಲ ಇದೇ ಯಜಮಾನರ ಹತ್ತಿರವೇ? ಹೌದು, ಇವರ ಹತ್ತಿರವೇ. ಆಗ ಅವಳು ಮೊದಲ ಬಾರಿಗೆ ಅವನನ್ನು ಸರಿಯಾಗಿ ನೋಡಿದಳು.

ಇನ್ನು ಆ ಪ್ರಶ್ನೆ ಬರುತ್ತದೆ ಎಂದು ಹಂಝ ಗಂಟಲು ಸರಿಮಾಡಿಕೊಂಡ. ಪ್ರಶ್ನೆ ಬರಲೇ ಇಲ್ಲ. ಅವಳು ಏನೋ ಟೈಪು ಮಾಡಿ, ನಿಮ್ಮ ವೀಸಾ ಮಂಜೂರಾಗಿದೆ, ಪ್ರವಾಸ ಚೆನ್ನಾಗಿರಲಿ ಎಂದು ಹೇಳಿ ಅವನ ಪಾಸ್‌ಪೋರ್ಟನ್ನು ಪಕ್ಕಕ್ಕೆ ಇಟ್ಟುಕೊಂಡಳು. ಹಂಝನ ಬಾಯಿ ತೆರೆದೇ ಇತ್ತು. ಥ್ಯಾಂಕ್ಯೂ ಮೇಡಂ ಎಂಬ ಮಾತು ಅದರಿಂದ ತಾನಾಗಿ ಹೊರಬಿತ್ತು. ಇಪ್ಪತ್ತಾರು ವರ್ಷ ಒಂದೇ ಬಾಗಿಲಲ್ಲಿ ನಿಂತವನು ಬೇರೆಲ್ಲಿಗೆ ಹೋದಾನು ಎಂದು ಅವಳಿಗೆ ಅನ್ನಿಸಿರಬೇಕು. ಹೊರಗಿನ ಬಿಸಿಲಿನಲ್ಲಿ ವ್ಯಾನಿನ ಕಡೆ ನಡೆಯುತ್ತಿದ್ದಾಗ ಹಂಝನಿಗೂ ಹಾಗೇ ಅನ್ನಿಸಿತು.

ಬೀರಾನ್ ಸುದ್ದಿ ಕೇಳಿ ಮೊದಲು ಹಣೆ ಚಚ್ಚಿಕೊಂಡ, ಆಮೇಲೆ ಖುಷಿ ತಡೆಯಲಾರದೆ ಅಂಗಡಿಗೆ ಫೋನು ಮಾಡಿಬಿಟ್ಟ. ಸಂಜೆ ಮಗ್ರಿಬ್ ನಮಾಝಿನ ನಂತರ ದಿವಾನಿಯಾದಲ್ಲಿ ದೊಡ್ಡ ತಟ್ಟೆಯ ತುಂಬ ಪಾಕ ಸುರಿದ ಬಿಸಿ ಸಿಹಿತಿಂಡಿ ಕುನಾಫ ಕಾಯುತ್ತಿತ್ತು. ಗೋಡೆಯ ಟಿವಿಯಲ್ಲಿ ಅಮೆರಿಕದ ನಕಾಶೆ. ಅಬೂ ತಲಾಲ್ ಎದ್ದು ಬಂದು ತನ್ನ ಕೈಯಾರೆ ಒಂದು ತುಂಡು ಕುನಾಫವನ್ನು ಹಂಝನ ಬಾಯಿಗಿಟ್ಟ. ನಂತರ ಭಾವನ ಕಡೆ ತಿರುಗಿ, ಹಂಝನಂಥವನು ಹಿಂದಿನಿಂದ ಬರುವಾಗ ಇದೊಂದಕ್ಕೇ ನಿಲ್ಲಿಸುವುದೇಕೆ, ಮುಂದಿನ ವರ್ಷ ಆಸ್ಟ್ರೇಲಿಯಾ ಎಂದ.

ಹಂಝ ಬಾಯಲ್ಲಿದ್ದದ್ದನ್ನು ನುಂಗಿದ. ಉಳಿದ ಆಯುಷ್ಯವೆಲ್ಲ ಎರಡು ಬೈಕುಗಳ ಹಿಂದೆ ಕೆಟಲು ಹೊತ್ತು ವ್ಯಾನು ಓಡಿಸುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

“ಲಾ, ಬಾಬಾ, ಬೇಡ” ಎಂದ. ತನ್ನ ಧ್ವನಿ ತನಗೇ ಗುರುತು ಸಿಗಲಿಲ್ಲ. “ನಾನು ಬರುವುದಿಲ್ಲ. ಅಮೆರಿಕಕ್ಕೂ ಇಲ್ಲ, ಆಸ್ಟ್ರೇಲಿಯಾಕ್ಕೂ ಇಲ್ಲ. ನಾನು ಊರಿಗೆ ಹೋಗುತ್ತೇನೆ. ಇಲ್ಲಿಯದು ಮುಗಿಯಿತು.”

ಯಜಮಾನ ಇನ್ನು ಗುಡುಗುತ್ತಾನೆ, ಉಪಕಾರವನ್ನೆಲ್ಲ ಎತ್ತಿ ಆಡುತ್ತಾನೆ, ಪಾಸ್‌ಪೋರ್ಟು ಬಂದ ಮೇಲೆ ಹಿಡಿದಿಟ್ಟು ಸತಾಯಿಸುತ್ತಾನೆ ಎಂದು ಹಂಝ ಕಾದ. ಅಬೂ ತಲಾಲ್ ಬೆರಳಿಗಂಟಿದ ಪಾಕವನ್ನು ಕಾಗದದಿಂದ ಒರೆಸಿಕೊಂಡ. ಅವನ ಮುಖ ಒಂದು ಗಳಿಗೆ ಬಾಡಿದ್ದು ನಿಜ. ಪೂರ್ತಿಯಾಗಿ ಹೋಗುವುದಾ ಎಂದು ಕೇಳಿದ. ಪೂರ್ತಿಯಾಗಿ ಎಂದ ಹಂಝ.

“ಹೋಗು. ಬೇಡ ಎಂದವರು ಯಾರು? ಮೊದಲೇ ಯಾಕೆ ಹೇಳಲಿಲ್ಲ?”

ಅದು ಕುಹಕವಲ್ಲ. ಅವನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡು, ಬೀರಾನ್ ಬರುತ್ತಾನಾ ಕೇಳು, ಹೊರಡುವ ಮೊದಲು ಅವನ ವೀಸಾದ ಕೆಲಸವನ್ನೂ ನೀನೇ ಮುಗಿಸಿಕೊಟ್ಟು ಹೋಗು ಎಂದ. ಮತ್ತೆ ನಕಾಶೆಯ ಕಡೆ ತಿರುಗಿದ. ಭಾವ ಇನ್ನೊಂದು ತುಂಡು ಕುನಾಫ ಕತ್ತರಿಸಿಕೊಂಡ.

ಹಂಝ ಅಂಗಳಕ್ಕೆ ಬಂದ. ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು, ಅಳು ಬರುವಂಥ ಸಿಟ್ಟು. ಅದನ್ನು ಯಜಮಾನನ ಮೇಲೆ ಹಾಕಲು ನೋಡಿದ, ಅಂಟಿಕೊಳ್ಳಲಿಲ್ಲ. ಕೇಳಿದ ಕೂಡಲೇ ಹೋಗು ಎಂದವನ ಮೇಲೆ ಏನೆಂದು ಸಿಟ್ಟು ಮಾಡುವುದು? ಇದೇ ಮಾತನ್ನು ಫರ್ಝಾನಾ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಹೇಳಬಹುದಿತ್ತು. ಬೆಟ್ಟ ಎಂದುಕೊಂಡು ಇಷ್ಟು ವರ್ಷ ಸುತ್ತು ಬಳಸಿ ನಡೆದದ್ದು ಒಂದು ಹೊಸ್ತಿಲಾಗಿತ್ತು.

ಅವನು ಮೆಟ್ಟಿಲ ಹತ್ತಿರ ನಿಂತು ಆಸಿಯಮ್ಮನಿಗೆ ಫೋನು ಮಾಡಿದ. ಅವಳು ಎತ್ತಿದಾಗ ಹಿಂದೆ ನಲ್ಲಿಯ ನೀರಿನ ಸದ್ದು, ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಆಸ್ಯಾ, ನಾನು ಬರ್ತಾ ಇದ್ದೇನೆ. ಬರುವ ತಿಂಗಳು.”

“ಹೌದಾ?” ಎಂದಳು ಆಸಿಯಮ್ಮ. ಧ್ವನಿಯಲ್ಲಿ ಸಂತೋಷವೇ ಇತ್ತು. “ಎಷ್ಟು ದಿನ ರಜೆ?”

ಹಂಝ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳು ಚುಚ್ಚಲು ಕೇಳಿದ್ದಲ್ಲ. ಬರುತ್ತೇನೆ ಎಂದವನನ್ನು ಬೇರೇನು ಕೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ, ಅಷ್ಟೇ. ತಾನು ತಡಮಾಡಿದ್ದು ಎಷ್ಟು ಎಂಬುದು ಅವನಿಗೆ ಆಗ ಸರಿಯಾಗಿ ಗೊತ್ತಾಯಿತು. ರಜೆಯಲ್ಲ, ಇನ್ನು ವಾಪಸು ಹೋಗುವುದಿಲ್ಲ ಎಂದು ನಿಧಾನವಾಗಿ ಹೇಳಿದ. ಅದನ್ನೇ ಇನ್ನೊಮ್ಮೆ ಹೇಳಿದ.

ಆ ಕಡೆ ನಲ್ಲಿ ನಿಂತಿತು. ಆಮೇಲೆ ಆಸಿಯಮ್ಮ, ಮನೆಗೆ ಬರುತ್ತೇನೆಂದ ನೆಂಟರಿಗೆ ಹೇಳುವಷ್ಟೇ ಮೃದುವಾಗಿ ಹೇಳಿದಳು.

“ಆಯ್ತು. ಮೊದ್ಲು ಬನ್ನಿ. ಮತ್ತೆ ನೋಡುವ.”